ಬಣ್ಣದಡಿಯ ಬಣ್ಣ: ಸಾರ್ವಜನಿಕ ಕಟ್ಟಡಗಳ ಹಳೆಯ ಅಲಂಕಾರ ಲೇಪಗಳನ್ನು ತೆರೆಯುವ ವಿದ್ಯೆ

ನೂರೈವತ್ತು ವರ್ಷ ಬಳಕೆಯಲ್ಲಿರುವ ಸಾರ್ವಜನಿಕ ಕಟ್ಟಡದ ಗೋಡೆಗೆ ಹತ್ತು ಹದಿನೈದು ಸಲವಾದರೂ ಬಣ್ಣ ಬಿದ್ದಿರುತ್ತದೆ. ಅಷ್ಟೂ ಪದರು ಸೇರಿದರೂ ದಪ್ಪ ಒಂದೆರಡು ಮಿಲಿಮೀಟರ್ ದಾಟುವುದು ಕಡಿಮೆ. ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಮೇಲಿನದು ಮಾತ್ರ. ಅದು ಬಹುಮಟ್ಟಿಗೆ ಕೆನೆಬಣ್ಣವೋ ತಿಳಿಹಸಿರೋ ಆಗಿರುತ್ತದೆ. ಅದರಡಿಯಲ್ಲಿ, ಯಾವುದೋ ಒಂದು ಪದರಿನಲ್ಲಿ, ಅಮೃತಶಿಲೆಯ ನರಗಳನ್ನು ಅನುಕರಿಸಿದ ಕುಂಚದ ಗೆರೆ ಇರಬಹುದು. ಅಗ್ಗದ ಮರಕ್ಕೆ ಬೆಲೆಬಾಳುವ ಮರದ ನಾರನ್ನು ಬರಿಸಲು ಹಸಿ ಬಣ್ಣದ ಮೇಲೆ ಎಳೆದ ಬಾಚಣಿಗೆಯ ಗುರುತು ಇರಬಹುದು. ಕೊರೆದ ತಗಡಿನ ಅಚ್ಚಿನಿಂದ ಮೂಡಿಸಿದ ಬಳ್ಳಿ, ಚಿನ್ನದ ರೇಕು ಅಂಟಿಸಿದ ಅಂಚು, ಚಪ್ಪಟೆ ಗೋಡೆಯ ಮೇಲೆ ಉಬ್ಬು ಕೆತ್ತನೆ ಇದೆಯೆಂಬ ಭ್ರಮೆ ಹುಟ್ಟಿಸುವ ನೆರಳುಬೆಳಕಿನ ಬರವಣಿಗೆ ಇರಬಹುದು. ಇವೆಲ್ಲವನ್ನೂ ಸೇರಿಸಿ ಅಲಂಕಾರ ಲೇಪ ಎನ್ನಬಹುದು. ತೂಗುಹಾಕಿದ ಚಿತ್ರಪಟವನ್ನು ಕಳಚಿ ಸುರಕ್ಷಿತ ಕೋಣೆಗೆ ಸಾಗಿಸಬಹುದು. ಅಲಂಕಾರ ಲೇಪಕ್ಕೆ ಆ ಅನುಕೂಲವಿಲ್ಲ. ಗೋಡೆ ನೆನೆದರೆ ಅದೂ ನೆನೆಯುತ್ತದೆ, ಗಾರೆ ಸಡಿಲವಾದರೆ ಅದೂ ಉದುರುತ್ತದೆ.

ಇಂಥ ಕೆಲಸ ಮುಚ್ಚಿಹೋಗಲು ಕಾರಣಗಳು ಹಲವು. ಹತ್ತೊಂಬತ್ತನೆಯ ಶತಮಾನದಲ್ಲಿ ಅನಿಲದ ದೀಪ ಮತ್ತು ಕಲ್ಲಿದ್ದಲಿನ ಒಲೆಗಳ ಮಸಿ ಗೋಡೆಗಳನ್ನು ಕಪ್ಪಾಗಿಸಿತು. ಇಪ್ಪತ್ತನೆಯ ಶತಮಾನ ಬಂದಾಗ ಅಭಿರುಚಿ ಬದಲಾಗಿ ಒಂದೇ ಬಣ್ಣದ ಸರಳ ಗೋಡೆಗೆ ಮೆಚ್ಚುಗೆ ಹೆಚ್ಚಿತು. ಅಚ್ಚು ಕೊರೆಯುವ, ಅಮೃತಶಿಲೆ ಬರೆಯುವ ಕಸುಬುದಾರರು ವಿರಳವಾದರು. ಸೂರು ಸೋರಿ ಒಂದು ಮೂಲೆ ಕೆಟ್ಟಾಗ ಆ ಮೂಲೆಯನ್ನು ಸರಿಪಡಿಸುವುದಕ್ಕಿಂತ ಇಡೀ ಕೋಣೆಗೆ ಬಣ್ಣ ಹೊಡೆಸುವುದೇ ಸುಲಭವಾಯಿತು. ಇಂಥ ಮುಚ್ಚುವಿಕೆ ಎಲ್ಲ ಕಡೆಯೂ ಕೇಡು ಮಾಡಿಲ್ಲ ಎಂಬುದನ್ನೂ ಗಮನಿಸಬೇಕು. ಹಳೆಯ ಚಿತ್ರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಬಳಿದ ಸುಣ್ಣ ಎಷ್ಟೋ ಕಡೆ ಹೊದಿಕೆಯಾಗಿ ನಿಂತು ಅದನ್ನು ಉಳಿಸಿಕೊಟ್ಟಿದೆ.

ಈ ವಿದ್ಯೆಯ ಎಲ್ಲ ಹಂತಗಳನ್ನೂ ಒಂದೇ ಕಡೆ ನೋಡಲು ಸಿಗುವ ಕಟ್ಟಡ ಅಮೆರಿಕದ ಸಂಸತ್ ಭವನವಾದ ವಾಷಿಂಗ್ಟನ್ನಿನ ಕ್ಯಾಪಿಟಲ್. 1851ರಲ್ಲಿ ಅದರ ವಿಸ್ತರಣೆಗೆ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಥಾಮಸ್ ವಾಲ್ಟರ್. ಕಾಮಗಾರಿಯ ಹೊಣೆ ಸೇನೆಯ ಎಂಜಿನಿಯರ್ ಮಾಂಟ್ಗೊಮರಿ ಮೀಗ್ಸ್ ಅವರದು. ಒಳಗೋಡೆಗಳನ್ನು ಚಿತ್ರಗಳಿಂದ ತುಂಬಿಸಬೇಕೆಂದು ಹಂಬಲಿಸಿದವರು ಮೀಗ್ಸ್. ಅದಕ್ಕೆ ಒದಗಿದವರು ಕಾನ್‌ಸ್ಟಂಟೀನೊ ಬ್ರೂಮಿಡಿ. 1805ರಲ್ಲಿ ರೋಮಿನಲ್ಲಿ ಹುಟ್ಟಿದ ಅವರು ಪೋಪರ ಅರಮನೆಯಲ್ಲಿ ಕೆಲಸ ಮಾಡಿ ಪಳಗಿದವರು. 1849ರ ರಾಜಕೀಯ ಗಲಭೆಯ ನಂತರ ಸೆರೆವಾಸ ಅನುಭವಿಸಿ, ಕ್ಷಮಾದಾನ ಪಡೆದು, 1852ರಲ್ಲಿ ನ್ಯೂಯಾರ್ಕಿನಲ್ಲಿ ಹಡಗಿಳಿದರು. 1855ರಲ್ಲಿ ಒಂದು ಸಮಿತಿ ಕೋಣೆಯ ಗೋಡೆಯ ಮೇಲೆ, ನೇಗಿಲು ಹಿಡಿದಿದ್ದ ಪ್ರಾಚೀನ ರೋಮಿನ ಸಿನ್ಸಿನೇಟಸ್‌ಗೆ ದೇಶದ ಕರೆ ಬರುವ ದೃಶ್ಯವನ್ನು ಪರೀಕ್ಷಾರ್ಥವಾಗಿ ಬರೆದು ತೋರಿಸಿದರು. ಅಲ್ಲಿಂದ 1880ರಲ್ಲಿ ತೀರಿಕೊಳ್ಳುವವರೆಗೂ ಆ ಕಟ್ಟಡವೇ ಅವರ ಕೆಲಸದ ಮನೆ. ಗುಮ್ಮಟದ ಒಳಮೈಯಲ್ಲಿ, ನೆಲದಿಂದ 180 ಅಡಿ ಎತ್ತರದಲ್ಲಿ, 4,664 ಚದರಡಿಯ, ಅಧ್ಯಕ್ಷ ವಾಷಿಂಗ್ಟನ್ನರ ವೈಭವದ ಚಿತ್ರವನ್ನು ಅವರು 1865ರಲ್ಲಿ ಬರೆದು ಮುಗಿಸಿದರು.

ಆದರೆ ಅಲಂಕಾರ ಲೇಪದ ವಿದ್ಯಾರ್ಥಿಗೆ ಗುಮ್ಮಟಕ್ಕಿಂತ ಹೆಚ್ಚು ಕಲಿಸುವುದು ಸೆನೆಟ್ ಭಾಗದ ಕೆಳ ಅಂತಸ್ತಿನ ಓಣಿಗಳು. ಅವುಗಳಿಗೆ ಇಂದು ಬ್ರೂಮಿಡಿ ಓಣಿಗಳೆಂದೇ ಹೆಸರು. 1857ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಇವುಗಳ ಬಹುಭಾಗ ಸಿದ್ಧವಾಯಿತು. ವ್ಯಾಟಿಕನ್ನಿನಲ್ಲಿ ರಾಫೇಲ್ ರೂಪಿಸಿದ ಮೊಗಸಾಲೆಯ ಅಲಂಕಾರ ಇವಕ್ಕೆ ಮೇಲ್ಪಂಕ್ತಿ. ಗೋಡೆಯನ್ನು ಉದ್ದುದ್ದ ಅಂಕಣಗಳಾಗಿ ವಿಂಗಡಿಸಿ, ಪ್ರತಿ ಅಂಕಣದೊಳಗೆ ಬಳ್ಳಿ, ಹಣ್ಣು, ಹಕ್ಕಿ, ಅಳಿಲು, ಇಲಿ, ಕೀಟಗಳನ್ನು ಬಿಡಿಸಲಾಗಿದೆ. ಅಂಕಣದ ಸುತ್ತಲಿನ ಚೌಕಟ್ಟು ಗಾರೆಯಲ್ಲಿ ತೆಗೆದ ಉಬ್ಬುಪಟ್ಟಿಯೆಂದು ತೋರುತ್ತದೆ. ಮುಟ್ಟಿದರೆ ಗೋಡೆ ಚಪ್ಪಟೆ. ಎಲ್ಲವೂ ಬ್ರೂಮಿಡಿ ಒಬ್ಬರ ಕೈಯಲ್ಲ. ವಿನ್ಯಾಸ ಅವರದು, ಗೋಡೆ ತುಂಬಿದವರಲ್ಲಿ ಎಮೆರಿಕ್ ಕಾರ್ಸ್ಟೆನ್ಸ್, ಜೇಮ್ಸ್ ಲೆಸ್ಲಿ ಮುಂತಾದ ಅಲಂಕಾರ ಚಿತ್ರಕಾರರ ದೊಡ್ಡ ತಂಡವಿತ್ತು.

ತಂತ್ರವೂ ಒಂದೇ ಅಲ್ಲ. ಕೆಲವೆಡೆ ಹಸಿಗಾರೆ ಚಿತ್ರ. ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಅರೆದ ಬಣ್ಣವನ್ನು ಹಚ್ಚಿದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಹರಳಿನೊಳಗೆ ಸೆರೆಯಾಗುತ್ತವೆ. ಕೆಲವೆಡೆ ಒಣಗಿದ ಗೋಡೆಯ ಮೇಲೆ ಸುಣ್ಣದ ನೀರು ಬಳಿದು ಬರೆದದ್ದು, ಕೆಲವೆಡೆ ಅಂಟಿನಲ್ಲಿ ಕಲಸಿದ ಡಿಸ್ಟೆಂಪರ್, ಕೆಲವೆಡೆ ಎಣ್ಣೆ ಬಣ್ಣ. ಈ ಭೇದವನ್ನು ತಿಳಿಯದೆ ಗೋಡೆಗೆ ಕೈ ಹಚ್ಚುವಂತಿಲ್ಲ. ಒದ್ದೆ ಹತ್ತಿಯಿಂದ ಒರೆಸಿದರೆ ಹಸಿಗಾರೆ ಚಿತ್ರ ಜಗ್ಗದೆ ನಿಲ್ಲುತ್ತದೆ, ಪಕ್ಕದ ಡಿಸ್ಟೆಂಪರ್ ಕರಗಿ ಹತ್ತಿಗೆ ಬರುತ್ತದೆ.

ಓಣಿಗಳು ದಿನವೂ ಜನ ಓಡಾಡುವ ಜಾಗ. ಭುಜ ತಾಗಿತು, ಬಂಡಿ ಉಜ್ಜಿತು, ದೀಪದ ಮಸಿ ಹತ್ತಿತು, ತಂಬಾಕಿನ ಹೊಗೆ ಕೂತಿತು. ಮೇಲೆ ಬಳಿದ ವಾರ್ನಿಷ್ ಹಳದಿಯಾಯಿತು. ಆಗಾಗ ಗೋಡೆ ಸರಿಪಡಿಸಲು ಬಂದವರು ತಮ್ಮ ಕಣ್ಣೆದುರಿನ ಬಣ್ಣಕ್ಕೆ ಹೊಂದುವ ಬಣ್ಣವನ್ನೇ ಕಲಸಿದರು. ಕಣ್ಣೆದುರಿಗಿದ್ದದ್ದು ಕೊಳೆ ಕೂತ ಬಣ್ಣ. ಹಾಗಾಗಿ ಹೊಸದಾಗಿ ಹಚ್ಚಿದ್ದು ಕೊಳೆಯ ಬಣ್ಣದ ನಕಲಾಯಿತು. ಅದರ ಮೇಲೆ ಮತ್ತೆ ಕೊಳೆ ಕೂತಾಗ ಮುಂದಿನವರು ಇನ್ನೂ ಮಂಕಾದದ್ದಕ್ಕೆ ಹೊಂದಿಸಿದರು. ತಲೆಮಾರಿನಿಂದ ತಲೆಮಾರಿಗೆ ಗೋಡೆ ಒಂದೊಂದು ಮೆಟ್ಟಿಲು ಕತ್ತಲೆಗೆ ಇಳಿಯಿತು. ಹಳೆಯ ಕಟ್ಟಡಗಳ ಬಣ್ಣ ಕೆಡುವ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇಕಿಲ್ಲ. ಯಾರೂ ಹಾಳುಮಾಡಬೇಕೆಂದು ಮಾಡಲಿಲ್ಲ. ಪ್ರತಿಯೊಬ್ಬರೂ ಹೊಂದಿಸಿಯೇ ಬಳಿದರು. ಉಬ್ಬಿನ ಭ್ರಮೆ ಹುಟ್ಟಿಸುವ ಚೌಕಟ್ಟಿಗೆ ಇದರಿಂದ ಆದ ಪೆಟ್ಟು ದೊಡ್ಡದು. ಆ ಭ್ರಮೆ ನಿಂತಿರುವುದು ಬೆಳಕಿನಿಂದ ನೆರಳಿಗೆ ಹಂತಹಂತವಾಗಿ ಇಳಿಯುವ ಛಾಯೆಗಳ ಮೇಲೆ. ಛಾಯೆಗಳ ನಡುವಿನ ಅಂತರ ಕುಗ್ಗಿದಾಗ ಚೌಕಟ್ಟು ಬರೀ ಕಂದುಪಟ್ಟಿಯಾಗಿ ಗೋಡೆಗೆ ಅಂಟಿಕೊಂಡಿತು.

ಕ್ಯಾಪಿಟಲ್ಲಿನ ಚಿತ್ರಗಳ ಶಾಸ್ತ್ರೀಯ ಸಂರಕ್ಷಣೆ 1980ರ ದಶಕದಲ್ಲಿ ಆರಂಭವಾಯಿತು. ಗುಮ್ಮಟದ ಚಿತ್ರ 1987-88ರಲ್ಲಿ ಶುದ್ಧಗೊಂಡಿತು. ಓಣಿಗಳ ಸರದಿ 1990ರ ದಶಕದಲ್ಲಿ ಬಂದು ಅಂಕಣ ಅಂಕಣವಾಗಿ ಎರಡು ದಶಕಕ್ಕೂ ಮೀರಿ ನಡೆಯಿತು. ಕೆಲಸದ ಮೊದಲ ಭಾಗ ತೆಗೆಯುವುದಲ್ಲ, ಓದುವುದು.

ಓದುವ ಕ್ರಮ ಹೀಗೆ. ಮೊದಲು ದಾಖಲೆಗಳು: ಗುತ್ತಿಗೆ ಪತ್ರ, ಬಿಲ್ಲು, ದಿನಚರಿ, ಹಳೆಯ ಫೋಟೊ. ಆಮೇಲೆ ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡುವುದು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಒಂದೇ ಬಣ್ಣದ ಗೋಡೆಯ ಮೇಲೂ ಕೂದಲೆಳೆಯಷ್ಟು ಎತ್ತರದ ಏರುಗಳು ಕಾಣುತ್ತವೆ. ಅವು ಕೆಳಗಿನ ಅಚ್ಚಿನ ಅಂಚುಗಳು. ತಗಡಿನ ಬದಿಯಲ್ಲಿ ಬಣ್ಣ ದಪ್ಪವಾಗಿ ನಿಂತು ಒಣಗಿರುತ್ತದೆ, ಮೇಲೆ ಎಷ್ಟು ಬಳಿದರೂ ಆ ಏರು ಮುಚ್ಚುವುದಿಲ್ಲ. ಇಂಥ ಕಡೆ ಸಣ್ಣ ಕಿಂಡಿ ತೆಗೆಯುತ್ತಾರೆ. ಸ್ಕಾಲ್ಪೆಲ್ಲಿನಿಂದಲೋ ನಯವಾದ ಉಜ್ಜುಕಾಗದದಿಂದಲೋ ಇಳಿಜಾರಾಗಿ ತೆಗೆದಾಗ ಮರದ ಬೊಡ್ಡೆಯ ಉಂಗುರಗಳ ಹಾಗೆ ಒಂದೊಂದು ಬಣ್ಣವೂ ಒಂದೊಂದು ಬಳೆಯಾಗಿ ಕಾಣುತ್ತದೆ. ಹೊರಗಿನ ಬಳೆ ಹೊಸದು, ನಡುವಿನ ಚುಕ್ಕೆ ಹಳೆಯದು.

ಬರಿಗಣ್ಣಿಗೆ ಈ ಬಳೆಗಳು ಸುಳ್ಳನ್ನೂ ಹೇಳಬಲ್ಲವು. ನಡುವಿನ ಚುಕ್ಕೆ ನಿಜವಾದ ಅಲಂಕಾರವೋ ಬರೀ ಪ್ರೈಮರೋ ಎಂದು ಅದರಿಂದ ತಿಳಿಯದು. ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಗುಂಡುಸೂಜಿಯ ತಲೆಗಿಂತ ಸಣ್ಣ ಚೂರನ್ನು ಗಾರೆಯ ಸಮೇತ ಎತ್ತಿ, ಪಾರದರ್ಶಕ ರಾಳದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ಅಡ್ಡಲಾಗಿ ತೇದು ಹೊಳಪು ಕೊಟ್ಟು ನೋಡುತ್ತಾರೆ. ನೂರು ಇನ್ನೂರು ಪಟ್ಟು ಹಿಗ್ಗಿದಾಗ ಆ ಚೂರು ಮಣ್ಣಿನ ದರೆ ಕಡಿದಂತೆ ಸ್ತರಸ್ತರವಾಗಿ ತೆರೆದುಕೊಳ್ಳುತ್ತದೆ. ತಳದಲ್ಲಿ ಮರಳು ಸುಣ್ಣದ ಗಾರೆ. ಅದರ ಮೇಲೆ ಬಿಳಿ. ಬಿಳಿಗೂ ಮುಂದಿನ ಬಣ್ಣಕ್ಕೂ ನಡುವೆ ಏನೂ ಇಲ್ಲ. ಆ ಬಣ್ಣದ ಮೇಲೆ ಕಾಡಿಗೆಯಂಥ ಒಂದು ತೆಳುಗೆರೆ. ಅದರ ಮೇಲೆ ಮತ್ತೊಂದು ಬಣ್ಣ. ಆ ಕಪ್ಪುಗೆರೆಯೇ ಈ ವಿದ್ಯೆಯ ಅತಿ ಮುಖ್ಯ ಸಾಕ್ಷಿ. ಅದು ಧೂಳು ಮತ್ತು ಮಸಿ. ಎರಡು ಪದರುಗಳ ನಡುವೆ ಮಸಿಯಿದ್ದರೆ ಕೆಳಗಿನದು ವರ್ಷಗಟ್ಟಲೆ ಜನರ ಕಣ್ಣಿಗೆ ತೆರೆದುಕೊಂಡಿತ್ತೆಂದು ಅರ್ಥ. ಮಸಿಯಿಲ್ಲದಿದ್ದರೆ ಎರಡೂ ಒಂದೇ ಕೆಲಸದ ಅಂಗ. ಕೆಳಗಿನದು ಬಹುಶಃ ಅಸ್ತರು. ಮೇಲೆ ಹೇಳಿದ ಚೂರಿನಲ್ಲಿ ಬಿಳಿ ಪ್ರೈಮರು, ಅದರ ಮೇಲಿನ ಬಣ್ಣ ಮೊದಲ ಅಲಂಕಾರ. ಈ ಭೇದ ತಿಳಿಯದೆ ತಳದ ಬಿಳಿಯನ್ನೇ ಮೂಲ ಬಣ್ಣವೆಂದು ನಂಬಿ ಕೋಣೆಗೆಲ್ಲ ಬಿಳಿ ಹೊಡೆಸುವ ಅಪಾಯ ಸದಾ ಇದ್ದೇ ಇದೆ.

ಅದೇ ಚೂರನ್ನು ನೇರಳಾತೀತ ಬೆಳಕಿನಲ್ಲಿ ಇಟ್ಟರೆ ಇನ್ನಷ್ಟು ಮಾತಾಡುತ್ತದೆ. ಅರಗಿನಿಂದ ತಯಾರಾದ ಶೆಲ್ಯಾಕ್ ಕಿತ್ತಳೆಯಾಗಿ ಹೊಳೆಯುತ್ತದೆ, ಮರದ ರಾಳದ ವಾರ್ನಿಷ್ ಹಸಿರುಬಿಳುಪಾಗಿ ಕಾಣುತ್ತದೆ. ಪದರುಗಳ ಕಾಲ ಹೇಳಲು ಬಣ್ಣದ ಪುಡಿಗಳೇ ನೆರವಾಗುತ್ತವೆ. ಪ್ರಷ್ಯನ್ ನೀಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿತು. ಕೃತಕ ಅಲ್ಟ್ರಾಮರೀನ್ 1828ರ ಹೊತ್ತಿಗೆ ಫ್ರಾನ್ಸಿನಲ್ಲಿ ತಯಾರಾಯಿತು. ಟೈಟಾನಿಯಂ ಬಿಳಿ ಬಣ್ಣದಂಗಡಿಗೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಆದ್ದರಿಂದ 1859ರ ಗೋಡೆಯ ಪದರೊಂದರಲ್ಲಿ ಟೈಟಾನಿಯಂ ಬಿಳಿ ಸಿಕ್ಕರೆ ಆ ಪದರು ಮತ್ತು ಅದರ ಮೇಲಿನವೆಲ್ಲ ಮೊದಲ ಮಹಾಯುದ್ಧದ ಈಚಿನವೆಂದು ನಿಸ್ಸಂಶಯವಾಗಿ ಹೇಳಬಹುದು. ಅದು ಸಿಗದಿದ್ದರೆ ಏನೂ ತೀರ್ಮಾನವಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಸಿಕ್ಕ ಬಣ್ಣವನ್ನು ಹಾಗೆಯೇ ನಂಬುವಂತೆಯೂ ಇಲ್ಲ. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಉಳಿದರೆ ಹಳದಿಗಟ್ಟುತ್ತದೆ. ನೂರು ವರ್ಷ ಇತರ ಪದರುಗಳಡಿ ಇದ್ದ ಬಿಳಿ ತೆರೆದ ದಿನ ಬೆಣ್ಣೆಯ ಬಣ್ಣದಲ್ಲಿರುತ್ತದೆ. ಕಿಂಡಿಯನ್ನು ಕೆಲವು ವಾರ ಬೆಳಕಿಗೆ ಬಿಟ್ಟ ಮೇಲೆಯೇ ಅದರ ನಿಜರೂಪ ಮರಳುವುದು. ಸೀಸದ ಬಿಳಿ ಗಾಳಿಯ ಗಂಧಕದಿಂದ ಕಪ್ಪಾಗುತ್ತದೆ, ತಾಮ್ರದ ಹಸಿರು ಕಂದಾಗುತ್ತದೆ. ಈ ಬದಲಾವಣೆಗಳನ್ನು ಲೆಕ್ಕ ಹಾಕಿ ಬಣ್ಣವನ್ನು ಮನ್ಸೆಲ್ ಪಟ್ಟಿಯ ಸಂಖ್ಯೆಯಲ್ಲಿ ಬರೆದಿಡುತ್ತಾರೆ. ‘ತಿಳಿನೀಲಿ’ ಎಂದು ಬರೆದರೆ ಹತ್ತು ಜನರಿಗೆ ಹತ್ತು ನೀಲಿ ತೋಚುತ್ತದೆ. ಸಂಖ್ಯೆಗೆ ಆ ತೊಡಕಿಲ್ಲ.

ತೆಗೆಯುವ ಕೆಲಸ ಇಲ್ಲಿಂದ ಮುಂದಿನದು. ಮೊದಲು ಹಕ್ಕಳೆ ಎದ್ದ ಭಾಗಗಳನ್ನು ಕೂರಿಸಬೇಕು. ಹಪ್ಪಳದಂತೆ ಸೆಟೆದ ಬಣ್ಣದ ಚೂರುಗಳ ಹಿಂದೆ ತೆಳುವಾದ ಅಂಟನ್ನು ಇಂಜೆಕ್ಷನ್ ಸೂಜಿಯಿಂದ ಬಿಟ್ಟು, ಮೇಲೆ ಜಪಾನಿ ಕಾಗದ ಇಟ್ಟು ಬೆರಳಿನಿಂದ ಒತ್ತುತ್ತಾರೆ. ಟೊಳ್ಳಾದ ಗಾರೆಯ ಹಿಂದೆ ಸುಣ್ಣದ ತಿಳಿ ಕಲಕನ್ನು ತುಂಬುತ್ತಾರೆ. ಆಮೇಲೆ ಮೇಲಿನ ಪದರು ಕರಗಿ ಕೆಳಗಿನದು ಕರಗದಂಥ ದ್ರಾವಣವನ್ನು ಹುಡುಕುತ್ತಾರೆ. ಹಸಿಗಾರೆಯ ಮೇಲೆ ಎಣ್ಣೆ ಬಣ್ಣವಿದ್ದರೆ ದಾರಿ ಸುಗಮ: ದ್ರಾವಣವನ್ನು ಲೋಳೆಯಾಗಿಸಿ ಹಚ್ಚಿದರೆ ಎಣ್ಣೆ ಬಣ್ಣ ಉಬ್ಬಿ ಮೆದುವಾಗುತ್ತದೆ, ಕೆಳಗಿನ ಸುಣ್ಣದ ಹರಳಿಗೆ ಏನೂ ಆಗುವುದಿಲ್ಲ. ಎರಡೂ ಎಣ್ಣೆಯವಾದರೆ ರಸಾಯನ ಕೈಕೊಡುತ್ತದೆ. ಆಗ ಉಳಿಯುವುದು ಸ್ಕಾಲ್ಪೆಲ್ ಮತ್ತು ಭೂತಗನ್ನಡಿ. ಸಾರವೆಯ ಮೇಲೆ ಕುಳಿತು, ಅಲಗನ್ನು ಗೋಡೆಗೆ ಬಹುತೇಕ ಸಮಾಂತರವಾಗಿ ಹಿಡಿದು, ಎರಡು ಪದರುಗಳ ನಡುವಿನ ಆ ಮಸಿಯ ಗೆರೆಯಲ್ಲೇ ತೂರಿಸಿ, ಅಕ್ಕಿಕಾಳಿನಷ್ಟಗಲದ ಚಕ್ಕೆಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಕೊಳೆ ಕೂತ ಕಡೆ ಮೇಲಿನ ಬಣ್ಣದ ಹಿಡಿತ ಸಡಿಲ. ಬಿಡಿಸುವವರಿಗೆ ಅದೇ ಅನುಕೂಲ. ಹಳೆಯ ಬಣ್ಣಗಳಲ್ಲಿ ಸೀಸ ಇರುವುದರಿಂದ ಒಣಗಿದ ಗೋಡೆಯನ್ನು ಯಂತ್ರದಿಂದ ಉಜ್ಜಿ ಧೂಳೆಬ್ಬಿಸುವುದು ಕೆಲಸಗಾರರ ಪ್ರಾಣಕ್ಕೇ ಕುತ್ತು. ಮುಖಗವಸು, ಧೂಳು ಹೀರುವ ಯಂತ್ರ, ಊಟಕ್ಕೆ ಮುನ್ನ ಕೈತೊಳೆಯುವ ಕಟ್ಟುನಿಟ್ಟು, ಇವು ಈ ಕಸುಬಿನ ಭಾಗವೇ.

ಬ್ರೂಮಿಡಿ ಓಣಿಗಳಲ್ಲಿ ಹೀಗೆ ಮಂಕು ಹೊದಿಕೆ ಹೋದಾಗ ಹೊರಬಂದ ಹಿನ್ನೆಲೆ ಎಲ್ಲರಿಗೂ ಪರಿಚಿತವಾಗಿದ್ದ ಹಳದಿಗಂದಿಗಿಂತ ತುಂಬ ತಿಳಿಯಾಗಿತ್ತು. ಚೌಕಟ್ಟಿನ ಛಾಯೆಗಳು ಮತ್ತೆ ಬೇರೆಬೇರೆಯಾಗಿ ಕಂಡವು. ಚಪ್ಪಟೆಯಾಗಿದ್ದ ಪಟ್ಟಿಗಳು ಉಬ್ಬಿಕೊಂಡವು.

ಎಷ್ಟು ತೆಗೆಯಬೇಕು ಎಂಬ ಪ್ರಶ್ನೆಗೆ ಸೂಕ್ಷ್ಮದರ್ಶಕ ಉತ್ತರ ಕೊಡುವುದಿಲ್ಲ. 1964ರ ವೆನಿಸ್ ಸನ್ನದು ಇಲ್ಲಿ ದಾರಿ ತೋರಿಸುತ್ತದೆ. ಬೇರೆ ಬೇರೆ ಕಾಲದ ಕೆಲಸ ಒಂದರ ಮೇಲೊಂದಿದ್ದರೆ ಕೆಳಗಿನದನ್ನು ತೆರೆಯುವುದು ವಿರಳ ಸಂದರ್ಭದಲ್ಲಿ ಮಾತ್ರ ಸಲ್ಲುತ್ತದೆ. ತೆಗೆಯುವಂಥದ್ದು ಕಡಿಮೆ ಬೆಲೆಯದೂ ಹೊರಬರುವಂಥದ್ದು ದೊಡ್ಡ ಬೆಲೆಯದೂ ಆಗಿರಬೇಕು. ಊಹೆ ಎಲ್ಲಿ ಆರಂಭವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ಆಶಯ. ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ನಿಜ ಎಂಬ ನಂಬಿಕೆಗೆ ಇದರಲ್ಲಿ ಜಾಗವಿಲ್ಲ. ಕ್ಯಾಪಿಟಲ್ಲಿನ ಓಣಿಗಳಲ್ಲಿಯೇ 1969ರ ಚಂದ್ರಯಾನದ ಚಿತ್ರವಿದೆ, ಚಾಲೆಂಜರ್ ಗಗನನೌಕೆಯ ದುರಂತದಲ್ಲಿ ಮಡಿದವರ ಚಿತ್ರವಿದೆ. ಬ್ರೂಮಿಡಿಯ ಕಾಲಕ್ಕೆ ಸಲ್ಲದವೆಂದು ಅವನ್ನು ಅಳಿಸುವ ಮಾತೇ ಇಲ್ಲ. ಅವು ಆ ಕಟ್ಟಡದ ಬದುಕಿನ ಪುಟಗಳು. ಮಸಿಗೆ ಹೊಂದಿಸಿ ಬಳಿದ ಕಂದುಬಣ್ಣಕ್ಕೆ ಆ ಹಕ್ಕಿಲ್ಲ.

ಎರಡೂ ಪದರು ಅಮೂಲ್ಯವಾದಾಗ ಏನು ಮಾಡಬೇಕೆಂಬುದಕ್ಕೆ ತಂಜಾವೂರಿನ ಬೃಹದೀಶ್ವರ ದೇವಾಲಯ ಉತ್ತರ ಕೊಡುತ್ತದೆ. ಗರ್ಭಗುಡಿಯ ಸುತ್ತಲಿನ ಪ್ರದಕ್ಷಿಣಾಪಥದಲ್ಲಿ ನಾಯಕರ ಕಾಲದ ಚಿತ್ರಗಳಡಿ ರಾಜರಾಜ ಚೋಳನ ಕಾಲದ ಚಿತ್ರಗಳಿರುವುದನ್ನು 1931ರಲ್ಲಿ ಎಸ್. ಕೆ. ಗೋವಿಂದಸ್ವಾಮಿ ಪತ್ತೆಹಚ್ಚಿದರು. ಚೋಳರದನ್ನು ನೋಡಬೇಕಾದರೆ ನಾಯಕರದನ್ನು ಕಳೆದುಕೊಳ್ಳಬೇಕೆಂಬ ಸ್ಥಿತಿಯಿತ್ತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಸಾಯನತಜ್ಞರು ಮೇಲಿನ ಚಿತ್ರವನ್ನು ಅದರ ಗಾರೆಯ ಸಮೇತ ಬಿಡಿಸಿ ಫೈಬರ್‌ಗ್ಲಾಸ್ ಹಲಗೆಗಳ ಮೇಲೆ ಕೂರಿಸಿದರು. ಎರಡೂ ಉಳಿದವು. ನಮ್ಮ ದೇಶದಲ್ಲಿ ನಡೆದ ಇಂಥ ಕೆಲಸಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು. ಗೋಡೆ ಅಷ್ಟು ಪೆಟ್ಟು ತಾಳದಿದ್ದರೆ ಮತ್ತೊಂದು ದಾರಿಯಿದೆ. ಹಳೆಯದನ್ನು ಹೊರಗೆ ತೆಗೆಯದೆ, ಅದರ ಮೇಲೆ ಸುಲಭವಾಗಿ ಬಿಡಿಸಬಹುದಾದ ತಡೆಲೇಪ ಬಳಿದು, ಕಿಂಡಿಗಳಲ್ಲಿ ಸಿಕ್ಕ ಆಧಾರದಿಂದ ಅದೇ ವಿನ್ಯಾಸವನ್ನು ಹೊಸದಾಗಿ ಬರೆಯುವುದು.

ತೆರೆದ ಗೋಡೆಯಲ್ಲಿ ಬಿಟ್ಟುಹೋದ ಜಾಗಗಳನ್ನು ತುಂಬುವಾಗ ಎರಡು ಬಗೆಯ ಅಲಂಕಾರಗಳನ್ನು ಬೇರೆಯಾಗಿ ನೋಡಬೇಕು. ಅಚ್ಚಿನ ಬಳ್ಳಿ ಒಂದು ಮೊಳಕ್ಕೊಮ್ಮೆ ಮರಳಿ ಬರುತ್ತದೆ. ನಾಲ್ಕು ಕಡೆ ಉಳಿದಿದ್ದರೆ ಐದನೆಯದನ್ನು ಅನುಮಾನವಿಲ್ಲದೆ ಬರೆಯಬಹುದು. ಆದರೆ ಹಕ್ಕಿಯೊಂದರ ತಲೆ ಹೋಗಿದ್ದರೆ ಅದು ಎತ್ತ ನೋಡುತ್ತಿತ್ತೆಂದು ಹೇಳುವವರಿಲ್ಲ. ಇಂಥ ಕಡೆಗೆ ರೋಮಿನ ಕೇಂದ್ರ ಜೀರ್ಣೋದ್ಧಾರ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ಮತ್ತು ಅವರ ಸಂಗಡಿಗರು 1940ರ ದಶಕದಲ್ಲಿ ಒಂದು ಉಪಾಯ ಬೆಳೆಸಿದರು. ಖಾಲಿ ಜಾಗವನ್ನು ಜಲವರ್ಣದ ಸಣ್ಣ ಲಂಬಗೆರೆಗಳಿಂದ ತುಂಬುವುದು. ದೂರದಿಂದ ನೋಡಿದರೆ ಗೆರೆಗಳು ಕೂಡಿಕೊಂಡು ಚಿತ್ರ ಪೂರ್ತಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಹೊಸ ಕೈ ಯಾವುದು, ಹಳೆಯ ಕೈ ಯಾವುದು ಎಂದು ಯಾರಿಗಾದರೂ ತಿಳಿಯುತ್ತದೆ.

ಬಳಸುವ ವಸ್ತು ಮುಂದೆ ತೆಗೆಯಲು ಬರುವಂತಿರಬೇಕು ಎಂಬ ನಿಯಮ ಏಕೆ ಬೇಕೆಂಬುದನ್ನು ಅಜಂತಾದ ಕಹಿ ಅನುಭವ ತೋರಿಸುತ್ತದೆ. 1920ರಿಂದ 22ರವರೆಗೆ ನಿಜಾಮ್ ಸರ್ಕಾರ ಕರೆಸಿದ ಇಟಲಿಯ ತಜ್ಞರು, ಲೊರೆಂಝೊ ಚೆಕ್ಕೋನಿ ಮತ್ತು ಅವರ ಜೊತೆಗಾರರು, ಸಡಿಲವಾಗಿದ್ದ ಚಿತ್ರಗಳನ್ನು ಗೋಡೆಗೆ ಭದ್ರಗೊಳಿಸಿದರು. ಆ ಉಪಕಾರ ಸಣ್ಣದಲ್ಲ. ಆದರೆ ಮೇಲೆ ಬಳಿದ ಶೆಲ್ಯಾಕ್ ಕಾಲಕ್ರಮದಲ್ಲಿ ಹಳದಿಯಾಗಿ ಗಟ್ಟಿಯಾಯಿತು. ಅದನ್ನು ಬಿಡಿಸುವುದೇ ಮುಂದಿನ ತಲೆಮಾರುಗಳ ರಸಾಯನತಜ್ಞರ ಕೆಲಸವಾಯಿತು.

ಎಲ್ಲ ಮುಗಿದ ಮೇಲೂ ಒಂದು ಸಾಕ್ಷಿಯನ್ನು ಗೋಡೆಯಲ್ಲೇ ಬಿಡುವುದು ಒಳ್ಳೆಯ ಪದ್ಧತಿ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ನಕ್ಷತ್ರಪಟದ ಚಾವಣಿ 1990ರ ದಶಕದಲ್ಲಿ ಶುದ್ಧವಾದಾಗ, ಕರ್ಕಾಟಕದ ಹತ್ತಿರ ಒಂದು ಸಣ್ಣ ಚೌಕವನ್ನು ತೊಳೆಯದೆ ಬಿಟ್ಟರು. ಹಸಿರುನೀಲಿ ಆಕಾಶದ ಅಂಚಿನಲ್ಲಿ ಆ ಕಪ್ಪು ತುಂಡು ಈಗಲೂ ಇದೆ. ಬಣ್ಣದ ವಿಷಯದಲ್ಲೂ ಹೀಗೆಯೇ: ಎಲ್ಲ ಪದರುಗಳೂ ಉಳಿದ ಒಂದು ಅಂಗೈಯಗಲದ ಜಾಗವನ್ನು ಮುಟ್ಟದೆ ಬಿಟ್ಟರೆ, ಮುಂದೆ ಹೊಸ ಉಪಕರಣ ಬಂದಾಗ ಇಂದಿನ ತೀರ್ಮಾನವನ್ನು ಪರೀಕ್ಷಿಸಲು ಸಾಧ್ಯ.

ಕರ್ನಾಟಕದಲ್ಲಿ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರಾಗುವ ಕಟ್ಟಡ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪ್ಪು ಸುಲ್ತಾನ್ ಪೂರ್ಣಗೊಳಿಸಿದ ಈ ತೇಗದ ಅರಮನೆಯ ಪಡುಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಬ್ರಿಟಿಷರ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತುವರಿದ ಹೈದರ್ ಮತ್ತು ಟಿಪ್ಪುವಿನ ದಂಡು. ಒಳಗಿನ ಕಂಬ, ಕಮಾನು, ಚಾವಣಿಗಳ ತುಂಬ ಹೂಬಳ್ಳಿ. 1799ರ ಬ್ರಿಟಿಷ್ ಮುತ್ತಿಗೆಗೆ ಮೊದಲು ಈ ಚಿತ್ರಗಳು ಅಳಿಸಿಹೋಗಿದ್ದವೆಂದೂ, ಆ ಮುತ್ತಿಗೆಯ ನಂತರ ಇಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದನೆಂದೂ, ಆಮೇಲೆ ಮತ್ತೆ ಮಾಸಿ ಅಲ್ಲಲ್ಲಿ ಸುಣ್ಣ ಬಿದ್ದಿತ್ತೆಂದೂ ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಮೂಲವನ್ನು ನೆನಪಿಟ್ಟಿದ್ದ ಸ್ಥಳೀಯ ಚಿತ್ರಕಾರನಿಂದ ಅವನ್ನು ಬರೆಸಲಾಯಿತು.

ಹಾಗಾದರೆ ಇಂದು ಕಾಣುವ ಪಡುಗೋಡೆ ಯಾರ ಕಾಲದ್ದು? ವಿನ್ಯಾಸ ಟಿಪ್ಪುವಿನ ಕಾಲದ್ದು. ಅದೇ ಯುದ್ಧದ ಕಾಗದದ ಪ್ರತಿಗಳು ಉಳಿದಿರುವುದರಿಂದ ಹೋಲಿಸಿ ನೋಡಬಹುದು, ಅಂಥ ಒಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಬಣ್ಣದ ಬಹುಭಾಗ ಆಮೇಲಿನ ಕೈಗಳದ್ದು. ಡಾಲ್‌ಹೌಸಿಯ ಕಾಲದ ಚಿತ್ರಕಾರ ನೆನಪಿನಿಂದ ಬರೆದದ್ದನ್ನು ನಕಲೆಂದು ತಳ್ಳಿಹಾಕುವುದು ಅನ್ಯಾಯ. ಟಿಪ್ಪುವಿನ ಗೋಡೆಯನ್ನು ಕಣ್ಣಾರೆ ಕಂಡವನ ಸಾಕ್ಷ್ಯ ಅದು, ಈಗ ಅದಕ್ಕೂ ನೂರೈವತ್ತು ವರ್ಷ ದಾಟಿದೆ. ಅದನ್ನು ಕೆರೆದು ಕೆಳಗೆ ಹುಡುಕುವುದು ವೆನಿಸ್ ಸನ್ನದಿನ ಅಳತೆಯಲ್ಲಿ ಸಲ್ಲುವ ಕೆಲಸವಲ್ಲ. ಇರುವುದನ್ನು ಗಟ್ಟಿಮಾಡಿ, ಕೊಳೆ ಒರೆಸಿ, ಮೈ ತಾಗದಂತೆ ದೂರವಿಟ್ಟು, ಬೆಳಕು ತಗ್ಗಿಸುವುದು ಇಲ್ಲಿಗೆ ತಕ್ಕ ಕ್ರಮ. ಅರಮನೆಯ ಜಗಲಿಯ ಸುತ್ತ ಇಳಿಬಿಟ್ಟ ಹಸಿರು ಪರದೆಗಳು ಹೊರಗಿನಿಂದ ಬಂದವರಿಗೆ ಕಟ್ಟಡದ ಅಂದವನ್ನು ಮರೆಮಾಡಿದಂತೆ ಕಾಣಬಹುದು. ಪಡುವಣ ಬಿಸಿಲು ಬೈಲಿಯ ಪಲ್ಲಕ್ಕಿಯ ಮೇಲೆ ನೇರವಾಗಿ ಬೀಳದಂತೆ ತಡೆದಿರುವುದು ಅವೇ.